ಹಿಡಿತ ಸ್ಪ್ರಿಂಗಿನದು, ಬಿಡುಗಡೆ ಗಾಳಿಯದು

ನನ್ನ ಓದುವ ಮೇಜಿನ ಮೂಲೆಯಲ್ಲಿ ಊಟದ ತಟ್ಟೆಯಷ್ಟು ಅಗಲದ, ಎರಡೂ ಕೈ ಹಾಕಿ ಎತ್ತಬೇಕಾದಷ್ಟು ಭಾರದ ಒಂದು ಲೋಹದ ವಸ್ತು ಕೂತಿದೆ. ಮನೆಗೆ ಬಂದವರು ಅದನ್ನು ಕಂಡು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಹೆಂಡತಿಯ ಮುಖ ನೋಡುತ್ತಾರೆ. ಅವಳು "ಗುಜರಿಯಿಂದ ತಂದದ್ದು, ಕಿಲೋ ಲೆಕ್ಕದಲ್ಲಿ" ಎಂದಷ್ಟೇ ಹೇಳಿ ಕಾಫಿ ತರಲು ಒಳಗೆ ಹೋಗುತ್ತಾಳೆ. ಮುಂದಿನ ಅರ್ಧ ಗಂಟೆ ಬಂದವರ ಪಾಡು ಅವರದು.

ಅದೊಂದು ಫ್ಯಾನ್ ಕ್ಲಚ್. ದೊಡ್ಡ ಡೀಸೆಲ್ ಎಂಜಿನ್ನಿನ ಮುಂದೆ, ರೇಡಿಯೇಟರಿನ ಬೆನ್ನಿಗೆ ಒಂದು ಫ್ಯಾನ್ ತಿರುಗುತ್ತದಲ್ಲ, ಆ ಫ್ಯಾನಿಗೂ ಅದನ್ನು ತಿರುಗಿಸುವ ಬೆಲ್ಟಿನ ಪುಲ್ಲಿಗೂ ನಡುವೆ ಕೂರುವ ಮಧ್ಯಸ್ಥ ಇದು. ಗಾಡಿಯ ಕ್ಲಚ್ ಎಲ್ಲರಿಗೂ ಗೊತ್ತು. ಎಡಗಾಲಿನ ಕೆಳಗಿರುತ್ತದೆ, ಡ್ರೈವಿಂಗ್ ಕಲಿಯುವಾಗ ನಡುರಸ್ತೆಯಲ್ಲಿ ಎಂಜಿನ್ ಬಂದ್ ಮಾಡಿಸಿ ಮಾನ ಕಳೆದಿರುತ್ತದೆ. ಫ್ಯಾನಿನ ಕ್ಲಚ್ಚಿಗೆ ಪೆಡಲ್ ಇಲ್ಲ, ಅದರ ಮೇಲೆ ಯಾರ ಕಾಲೂ ಇಲ್ಲ. ಎಂಜಿನ್ನಿನ ನೀರು ಎಷ್ಟು ಕಾದಿದೆ ಎಂಬುದೇ ಅದಕ್ಕೆ ಬರುವ ಮುಖ್ಯ ಅಪ್ಪಣೆ. ಇಪ್ಪತ್ತು ವರ್ಷ ಲಾರಿ ಓಡಿಸಿದವರಲ್ಲೂ ಅದನ್ನು ಕಣ್ಣಾರೆ ಕಂಡವರು ಕಡಿಮೆ. ಅದರ ಸದ್ದನ್ನು ಮಾತ್ರ ಕೇಳಿರುತ್ತಾರೆ.

ಫ್ಯಾನಿನ ಕಥೆ ಹಳೆಯದು. 1900ರ ಕೊನೆಗೆ ವಿಲ್ಹೆಲ್ಮ್ ಮೈಬಾಖ್ ವಿನ್ಯಾಸ ಮಾಡಿದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರು ಸಿದ್ಧವಾದಾಗ ಅದರ ಮೂತಿಯಲ್ಲಿ ಜೇನುಹುಟ್ಟಿನಂಥ ಒಂದು ರೇಡಿಯೇಟರ್ ಇತ್ತು. ಆರು ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಒತ್ತೊತ್ತಾಗಿ ಜೋಡಿಸಿ ಬೆಸೆದದ್ದು. ಕೊಳವೆಯೊಳಗೆ ಗಾಳಿ, ಕೊಳವೆಗಳ ಸಂದಿಯಲ್ಲಿ ನೀರು. ಅದರ ಹಿಂದೆ ಮೈಬಾಖ್ ಒಂದು ಫ್ಯಾನ್ ಇಟ್ಟ. ಕಾರು ಜೋರಾಗಿ ಓಡುವಾಗ ಎದುರುಗಾಳಿಯೇ ಸಾಕು, ನಿಧಾನವಾಗಿ ಹೋಗುವಾಗ ಗಾಳಿಯನ್ನು ಯಾರಾದರೂ ಎಳೆದು ತರಬೇಕು ಎಂಬುದು ಅವನಿಗೆ ಅಂದೇ ಹೊಳೆದಿತ್ತು. ಆದರೆ ಬೇಕಾದಾಗ ಮಾತ್ರ ತಿರುಗುವ ಫ್ಯಾನಿಗೆ ಲೋಕ ಇನ್ನೂ ಬಹಳ ಕಾಲ ಕಾಯಬೇಕಾಯಿತು. ತಮಾಷೆಯೆಂದರೆ ಅದೇ ಕಾರಿನ ಗಿಯರ್ ಪೆಟ್ಟಿಗೆಯ ದಾರಿಯಲ್ಲಿ ಸುರುಳಿ ಸ್ಪ್ರಿಂಗಿನ ಒಂದು ಸೊಗಸಾದ ಕ್ಲಚ್ ಇತ್ತು. ಔಷಧ ಮನೆಯಲ್ಲೇ ಇತ್ತು. ರೋಗ ಇದೆಯೆಂದೇ ಯಾರಿಗೂ ಅನ್ನಿಸಿರಲಿಲ್ಲ.

ರೋಗ ಎಂಥದ್ದು ಎಂದು ತಿಳಿಯಲು ಫ್ಯಾನಿನ ಒಂದು ವಿಚಿತ್ರ ಸ್ವಭಾವ ತಿಳಿದಿರಬೇಕು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ದಾಟಿಸುವ ಗಾಳಿಯೂ ಎರಡು ಪಟ್ಟಾಗುತ್ತದೆ. ಅಲ್ಲಿಗೆ ನ್ಯಾಯವಾಗಿದೆ. ಆದರೆ ಅದಕ್ಕೆ ತಗಲುವ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟೂ ಅಲ್ಲ, ಎಂಟು ಪಟ್ಟು. ವೇಗದ ಘನದ ಲೆಕ್ಕದಲ್ಲಿ ಅದರ ಹಸಿವು ಏರುತ್ತದೆ. ದೊಡ್ಡ ಲಾರಿಯೊಂದರ ಫ್ಯಾನ್ ನಿಮಿಷಕ್ಕೆ 2,000 ಸುತ್ತಿನಲ್ಲಿ 30 ಕಿಲೋವ್ಯಾಟ್, ಅಂದರೆ ಸುಮಾರು 40 ಅಶ್ವಶಕ್ತಿ ನುಂಗುವುದು ಸಾಮಾನ್ಯ. ನಮ್ಮ ಹಳೆಯ ಮಾರುತಿ 800 ಕಾರಿನ ಇಡೀ ಎಂಜಿನ್ ಹೆಚ್ಚೂಕಡಿಮೆ ಅಷ್ಟೇ ಕೊಡುತ್ತಿತ್ತು. ಒಂದು ಸಂಸಾರವನ್ನೇ ತಿರುಪತಿಗೆ ಕರೆದೊಯ್ಯುತ್ತಿದ್ದ ಶಕ್ತಿ ಇಲ್ಲಿ ಬರೀ ಗಾಳಿ ಬೀಸಲು. ಬೇಕಾದಾಗ ಬೀಸಿದರೆ ಸರಿ. ತಂಪು ದೇಶಗಳ ಹೆದ್ದಾರಿಯಲ್ಲಿ ಗಂಟೆಗೆ ಎಂಬತ್ತು ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಲಾರಿಗೆ ಒಟ್ಟು ಓಟದ ಹತ್ತನೆಯ ಒಂದು ಭಾಗದಷ್ಟು ಹೊತ್ತೂ ಫ್ಯಾನ್ ಬೇಡ. ಉಳಿದ ಹೊತ್ತೆಲ್ಲ ಅದು ಎಂಜಿನ್ನನ್ನು ತಣಿಸುತ್ತಿಲ್ಲ, ಮಾಲೀಕನ ಜೇಬನ್ನು ತಣಿಸುತ್ತಿದೆ. 1973ರಲ್ಲಿ ತೈಲದ ಬೆಲೆ ಹಾರಿದ ಮೇಲೆ ಅಮೆರಿಕದ ಲಾರಿಯವರಿಗೆ ಈ ನಷ್ಟ ಕಣ್ಣಿಗೆ ಹೊಡೆಯಿತು, ಫ್ಯಾನ್ ಕ್ಲಚ್ಚಿಗೆ ಮರ್ಯಾದೆ ಬಂತು.

ಇಷ್ಟು ಪೀಠಿಕೆ. ಇನ್ನು ವಸ್ತುವಿಗೆ ಬರುತ್ತೇನೆ.

ಗುಜರಿಯಿಂದ ತಂದ ದಿನವೇ ಅದನ್ನು ಬಿಚ್ಚಬೇಕೆಂಬ ಆತುರ ನನಗೆ. ಪರಿಚಯದ ಗ್ಯಾರೇಜಿಗೆ ಹೊತ್ತುಕೊಂಡು ಹೋದೆ. ಅಲ್ಲಿಯ ಮೇಸ್ತ್ರಿ ಅದನ್ನು ಬೆಂಚಿನ ಮೇಲಿಟ್ಟು ಸುತ್ತಲೂ ನೋಡಿದರು, ಬೆರಳ ಗೆಣ್ಣಿನಿಂದ ತಟ್ಟಿದರು, ನನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕಿತ್ತುಕೊಂಡರು. "ಸಾರ್, ಮುಖ ಅಡ್ಡ ಕೊಡಬೇಡಿ. ಒಳಗೆ ಎಂಟೊಂಬತ್ತು ಕ್ವಿಂಟಾಲ್ ಕೂತೈತೆ, ಒಂದೇ ಸಲ ಬಿಚ್ಚಿದ್ರೆ ಮುಚ್ಚಳ ಹಾರಿ ಹೋಗ್ತದೆ." ಸುತ್ತಲಿನ ಬೋಲ್ಟುಗಳಲ್ಲಿ ಮೂರನ್ನು ತೆಗೆದು ಅದೇ ಜಾಗಕ್ಕೆ ಗೇಣುದ್ದದ ಬೋಲ್ಟುಗಳನ್ನು ಹಾಕಿದರು. ಉಳಿದ ಗಿಡ್ಡ ಬೋಲ್ಟುಗಳನ್ನು ಪೂರ್ತಿ ಬಿಚ್ಚಿದ ಮೇಲೆ ಆ ಮೂರು ಉದ್ದನೆಯವನ್ನು ಒಂದೊಂದು ಸುತ್ತು, ಸರದಿಯ ಮೇಲೆ, ಸಡಿಲಿಸುತ್ತ ಬಂದರು. ಮುಚ್ಚಳ ಕೂದಲೆಳೆಯಷ್ಟೆಷ್ಟೇ ಮೇಲೆದ್ದಿತು. ಒಳಗಿನ ಸ್ಪ್ರಿಂಗು ಎಷ್ಟೋ ವರ್ಷಗಳಿಂದ ಹಿಡಿದಿಟ್ಟ ಉಸಿರನ್ನು ಬಿಡುವುದನ್ನು ನಾನು ನೋಡಿದೆ ಎನ್ನಬಹುದು. ಸದ್ದೇನೂ ಆಗಲಿಲ್ಲ. ಸದ್ದಾಗದಿರುವುದೇ ಅವರ ಕಸುಬು.

ಒಳಗಿದ್ದದ್ದು ಎಣಿಸಿದರೆ ನಾಲ್ಕೇ ಮುಖ್ಯ ಭಾಗ. ಪುಲ್ಲಿಯ ಜೊತೆ ಸದಾ ತಿರುಗುವ ನಯವಾದ ಎರಕದ ಕಬ್ಬಿಣದ ಮುಖ. ಅದಕ್ಕೆ ಎದುರಾಗಿ, ಫ್ಯಾನಿಗೆ ಸೇರಿದ ಹಬ್ಬಿನ ಮೇಲೆ, ಉಜ್ಜಿ ಹಿಡಿಯುವ ಲೈನಿಂಗ್ ಅಂಟಿಸಿದ ಉಂಗುರ. ಆ ಉಂಗುರವನ್ನು ಕಬ್ಬಿಣದ ಮುಖಕ್ಕೆ ಒತ್ತಿ ಹಿಡಿಯುವ ಸ್ಪ್ರಿಂಗ್. ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ ಉಂಗುರವನ್ನು ಬಿಡಿಸುವ ಒಂದು ಗಾಳಿ ಪಿಸ್ಟನ್. ಗಾಳಿ ಎಲ್ಲಿಂದ? ಬ್ರೇಕಿಗಾಗಿ ಲಾರಿಯಲ್ಲಿ ಹೇಗೂ ಗಾಳಿಯ ಟ್ಯಾಂಕು ಇರುತ್ತದೆ. ಅಲ್ಲಿಂದ ಒಂದು ಸಣ್ಣ ಕೊಳವೆ, ನಡುವೆ ಒಂದು ವಿದ್ಯುತ್ ವಾಲ್ವು, ಅಷ್ಟೇ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ನಾಲ್ಕು ಭಾಗಗಳನ್ನೇ ಇಟ್ಟುಕೊಂಡು ಕ್ಲಚ್ಚನ್ನು ಎರಡು ರೀತಿ ಕಟ್ಟಬಹುದು. ಗಾಳಿ ಬಂದರೆ ಹಿಡಿಯುವುದು, ಗಾಳಿ ಹೋದರೆ ಸ್ಪ್ರಿಂಗು ಬಿಡಿಸುವುದು, ಒಂದು ರೀತಿ. ಸಾಮಾನ್ಯ ಬುದ್ಧಿಗೆ ಮೊದಲು ಹೊಳೆಯುವುದು ಇದೇ: ಕೆಲಸ ಬೇಕೆಂದಾಗ ಗಾಳಿ ಕೊಡು, ಬೇಡವೆಂದಾಗ ನಿಲ್ಲಿಸು. ಹಾಗೆ ಕಟ್ಟಿದ ಕ್ಲಚ್ಚುಗಳೂ ಇವೆ. ನನ್ನ ಮೇಜಿನ ಮೇಲಿರುವುದು ಅದರ ತಿರುಗುಮುರುಗು. ಇದರಲ್ಲಿ ಹಿಡಿಯುವುದು ಸ್ಪ್ರಿಂಗಿನ ಪಾಲು, ಬಿಡಿಸುವುದು ಗಾಳಿಯ ಪಾಲು. ಗಾಳಿ ಇರುವವರೆಗೆ ಫ್ಯಾನ್ ಸುಮ್ಮನೆ ನಿಂತಿರುತ್ತದೆ. ನೀರು ಕಾದಾಗ ವಾಲ್ವು ಗಾಳಿಯನ್ನು ಹೊರಗೆ ಬಿಡುತ್ತದೆ, ಆಗ ಸ್ಪ್ರಿಂಗು ಮುಂದೆ ಬಂದು ಹಿಡಿಯುತ್ತದೆ.

ಇದರ ಸೊಗಸು ಗೊತ್ತಾಗುವುದು ಏನಾದರೂ ಕೆಟ್ಟಾಗ. ಗಾಳಿಯ ಕೊಳವೆಯನ್ನು ಇಲಿ ಕಡಿಯಲಿ, ಸೀಲ್ ಹರಿಯಲಿ, ವಾಲ್ವಿನ ವೈರು ಕಿತ್ತುಹೋಗಲಿ, ಟ್ಯಾಂಕು ಖಾಲಿಯಾಗಲಿ, ಪ್ರತಿಯೊಂದು ದಾರಿಯೂ ಕೊನೆಗೆ ಒಂದೇ ಕಡೆ ಹೋಗಿ ಸೇರುತ್ತದೆ: ಗಾಳಿ ಇಲ್ಲ, ಆದ್ದರಿಂದ ಫ್ಯಾನ್ ತಿರುಗುತ್ತದೆ. ಡೀಸೆಲ್ ಒಂದಿಷ್ಟು ದಂಡ, ಕಿವಿಗೆ ಹಿಂಸೆ, ಆದರೆ ಎಂಜಿನ್ ಉಳಿಯಿತು. ಉಳಿತಾಯದ ಕೆಲಸವನ್ನು ಕೈಕೊಡಬಹುದಾದ ಗಾಳಿಗೂ, ಪ್ರಾಣ ಕಾಯುವ ಕೆಲಸವನ್ನು ಯಾರ ಹಂಗೂ ಇಲ್ಲದ ಸ್ಪ್ರಿಂಗಿಗೂ ಹಂಚಿಕೊಟ್ಟವನ ವಿವೇಕ ನೋಡಿ. ಮನೆಯ ಯಜಮಾನಿಕೆ ಯಾರಿಗೆ, ಖರ್ಚಿನ ಲೆಕ್ಕ ಯಾರಿಗೆ ಎಂದು ಬಲ್ಲ ಹಿರಿಯರು ಹೀಗೆಯೇ ಹಂಚುತ್ತಿದ್ದರು.

ಈ ವಿವೇಕಕ್ಕೆ ದೊಡ್ಡ ವಂಶವಿದೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಗಾಳಿಯ ಬ್ರೇಕು ಮಾಡಿದಾಗ ಅದು ಗಾಳಿ ಕೊಟ್ಟರೆ ಹಿಡಿಯುವ ಜಾತಿಯದು. ಬೋಗಿಗಳ ನಡುವೆ ಕೊಳವೆ ಕಿತ್ತುಹೋದರೆ ಬ್ರೇಕೇ ಇಲ್ಲ. ಮೂರು ವರ್ಷದ ನಂತರ, 1872ರಲ್ಲಿ, ಅವನು ಆ ತರ್ಕವನ್ನೇ ಮಗುಚಿ ಹಾಕಿದ: ಕೊಳವೆಯಲ್ಲಿ ಗಾಳಿ ತುಂಬಿದ್ದರೆ ಬ್ರೇಕು ಬಿಟ್ಟಿರುತ್ತದೆ, ಗಾಳಿಯ ಒತ್ತಡ ಇಳಿದರೆ ಹಿಡಿಯುತ್ತದೆ. ನಾವು ರೈಲಿನಲ್ಲಿ ಸರಪಳಿ ಎಳೆದಾಗ ಆಗುವುದೂ ಅದೇ. ನಾವು ಬ್ರೇಕು ಒತ್ತುವುದಿಲ್ಲ, ಗಾಳಿಯನ್ನು ಹೊರಗೆ ಬಿಡುತ್ತೇವೆ. ಲಾರಿ ನಿಲ್ಲಿಸಿದಾಗ ಬರುವ 'ಪುಸ್' ಎಂಬ ನಿಟ್ಟುಸಿರೂ ಸ್ಪ್ರಿಂಗಿನ ಬ್ರೇಕಿಗೆ ಜಾಗ ಬಿಟ್ಟುಕೊಟ್ಟ ಗಾಳಿಯದೇ. ಫ್ಯಾನ್ ಕ್ಲಚ್ ಆ ಮನೆತನದ ಕಿರಿಯ ಮಗ.

ಈಗ ಸ್ಪ್ರಿಂಗಿನ ಬಲವೆಷ್ಟಿರಬೇಕು? ವಿನ್ಯಾಸಕನ ರುಚಿ ತಿಳಿಯುವುದು ಇಲ್ಲಿ. ನನ್ನ ತಟ್ಟೆಯ ಲೈನಿಂಗ್ ಉಂಗುರಕ್ಕೆ ಹೊರಗಿನ ವ್ಯಾಸ 230 ಮಿಲಿಮೀಟರ್, ಒಳಗಿನದು 150. ಮೇಲೆ ಹೇಳಿದ 30 ಕಿಲೋವ್ಯಾಟ್ ಫ್ಯಾನಿಗೆ 2,000 ಸುತ್ತಿನಲ್ಲಿ ಬೇಕಾದ ಟಾರ್ಕ್, ಅಂದರೆ ತಿರುಚುವ ಬಲ, 143 ನ್ಯೂಟನ್ ಮೀಟರ್. ಲೈನಿಂಗಿನ ಘರ್ಷಣಾಂಕ 0.35 ಎಂದಿಟ್ಟುಕೊಳ್ಳಿ, ಸರಾಸರಿ ತ್ರಿಜ್ಯ 95 ಮಿಲಿಮೀಟರ್. ಟಾರ್ಕನ್ನು ಈ ಎರಡರಿಂದಲೂ ಭಾಗಿಸಿದರೆ ಬರುವುದು 4,300 ನ್ಯೂಟನ್. ಇದು ಬರೀ ಜಾರದಂತೆ ಹಿಡಿಯಲು ಬೇಕಾದದ್ದು. ಲೈನಿಂಗ್ ಬಿಸಿಯಾದರೆ ಹಿಡಿತ ಕಡಿಮೆಯಾಗುತ್ತದೆ, ಎಣ್ಣೆಯ ಹನಿ ತಾಗಬಹುದು, ಎಂಜಿನ್ ಒಮ್ಮೊಮ್ಮೆ 2,000 ದಾಟುತ್ತದೆ. ಆದ್ದರಿಂದ ಅದರ ಎರಡು ಪಟ್ಟು, 8,600 ನ್ಯೂಟನ್. ಐವತ್ತು ಕಿಲೋದ ಹದಿನೇಳು ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದಷ್ಟು ಭಾರ. ಮೇಸ್ತ್ರಿಯ ಅಂದಾಜು ತಪ್ಪಿರಲಿಲ್ಲ.

ಎರಡೇ ಪಟ್ಟು ಏಕೆ, ನಾಲ್ಕು ಪಟ್ಟು ಹಾಕಿ ನಿಶ್ಚಿಂತೆಯಾಗಿರಬಹುದಲ್ಲ? ಇಲ್ಲ. ಕ್ಲಚ್ ಜಾರುವಾಗ ತನ್ನ ಬಲ ಎಷ್ಟೋ ಅಷ್ಟೇ ಟಾರ್ಕನ್ನು ದಾಟಿಸುತ್ತದೆ, ಅದಕ್ಕಿಂತ ಒಂದು ಗುಂಜಿ ಹೆಚ್ಚು ದಾಟಿಸಲಾರದು. ಸ್ಪ್ರಿಂಗನ್ನು ಎರಡು ಪಟ್ಟಿಗೆ ಕಟ್ಟಿದರೆ ನಿಂತಿದ್ದ ಫ್ಯಾನ್ ಅರ್ಧ ಸೆಕೆಂಡಿನೊಳಗೆ ಪೂರ್ತಿ ವೇಗ ಹಿಡಿಯುತ್ತದೆ; ಅಷ್ಟು ಚುರುಕು ಸಾಕು. ನಾಲ್ಕು ಪಟ್ಟು ಕಟ್ಟಿದರೆ ಪ್ರತಿ ಸಲ ಬೆಲ್ಟು ಕಿರುಚುತ್ತದೆ, ರೆಕ್ಕೆಗಳ ಬುಡಕ್ಕೆ ಏಟು ಬೀಳುತ್ತದೆ, ಬೇರಿಂಗು ಬೇಗ ಮುದಿಯಾಗುತ್ತದೆ. ಜೊತೆಗೆ ಅಷ್ಟು ಬಲವಾದ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಲು ಪಿಸ್ಟನ್ನೂ ದೊಡ್ಡದಾಗಬೇಕು. ಲಾರಿಯ ಗಾಳಿ ಆರು ಬಾರ್ ಒತ್ತಡಕ್ಕೆ ಇಳಿದಿದ್ದಾಗಲೂ 8,600 ನ್ಯೂಟನ್ ತಳ್ಳಲು 135 ಮಿಲಿಮೀಟರ್ ವ್ಯಾಸದ ಪಿಸ್ಟನ್ ಸಾಕು. ಅದು ಲೈನಿಂಗ್ ಉಂಗುರದ ಒಳಗಿನ 150ರ ಜಾಗದಲ್ಲಿ ನೀಟಾಗಿ ಕೂರುತ್ತದೆ. ಬಲ ಹೆಚ್ಚಿಸಿದರೆ ಪಿಸ್ಟನ್ ಉಬ್ಬಿ ಉಂಗುರವನ್ನು ಆಚೆ ನೂಕುತ್ತದೆ, ಉಂಗುರ ದೊಡ್ಡದಾದರೆ ಇಡೀ ಕ್ಲಚ್ ದಪ್ಪವಾಗುತ್ತದೆ. ತಂಬೂರಿಯ ತಂತಿಯನ್ನು ಬಿಗಿ ಮಾಡುವವರಿಗೆ ಈ ಹದ ಗೊತ್ತು. ಆ 15 ಮಿಲಿಮೀಟರ್ ಅಂತರವನ್ನು ನಾನು ಸ್ಕೇಲು ಹಿಡಿದು ಅಳೆದು, ಸುಮ್ಮನೆ ಖುಷಿಪಟ್ಟಿದ್ದೇನೆ.

ಲೈನಿಂಗ್ ಉಂಗುರದ ಅಗಲದ ಬಗ್ಗೆ ಒಂದು ಮಾತು. ಅಗಲವಾದ ಮುಖ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ ಎಂದು ನಾವೆಲ್ಲ ನಂಬುತ್ತೇವೆ. ಫ್ರಾನ್ಸಿನ ಗಿಯೋಮ್ ಅಮೊಂತೊ 1699ರಲ್ಲೇ ಇದು ಸುಳ್ಳೆಂದು ಹೇಳಿದ್ದ: ಘರ್ಷಣೆ ಒತ್ತುವ ಬಲವನ್ನು ಅವಲಂಬಿಸಿದೆ, ತಾಗುವ ಅಗಲವನ್ನಲ್ಲ. ಹಾಗಿದ್ದರೆ ಬೆರಳಗಲದ ಉಂಗುರವೂ ಅಷ್ಟೇ ಹಿಡಿಯಬೇಕಲ್ಲ? ಹಿಡಿಯುತ್ತದೆ, ಒಂದು ವಾರ. ಅಗಲ ಬೇಕಾಗಿರುವುದು ಹಿಡಿತಕ್ಕಲ್ಲ, ಬಾಳಿಕೆಗೆ. ಬಿಸಿ ಹರಡಿಕೊಳ್ಳಲು, ಸವೆತ ಹಂಚಿಕೊಳ್ಳಲು. ಮತ್ತೂ ಒಂದು ಸೂಕ್ಷ್ಮವಿದೆ. ಹೊಸ ಲೈನಿಂಗಿನಲ್ಲಿ ಒತ್ತಡ ಎಲ್ಲ ಕಡೆ ಸಮ. ಆದರೆ ಹೊರ ಅಂಚು ಹೆಚ್ಚು ದೂರ ಉಜ್ಜಿಕೊಳ್ಳುವುದರಿಂದ ಮೊದಲು ಸವೆಯುತ್ತದೆ. ಸವೆದಷ್ಟೂ ಅಲ್ಲಿಯ ಒತ್ತಡ ಇಳಿದು ಭಾರ ಒಳ ಅಂಚಿಗೆ ಸರಿಯುತ್ತದೆ. ಕೆಲ ದಿನಗಳಲ್ಲಿ ಇಡೀ ಉಂಗುರ ಒಂದೇ ಸಮನೆ ಸವೆಯುವ ರಾಜಿಗೆ ಬರುತ್ತದೆ. ಈ ರಾಜಿಯಲ್ಲಿ ಕ್ಲಚ್ಚಿನ ಪರಿಣಾಮಕಾರಿ ತ್ರಿಜ್ಯ 96.4 ಮಿಲಿಮೀಟರಿನಿಂದ 95ಕ್ಕೆ ಇಳಿಯುತ್ತದೆ. ನೂರಕ್ಕೆ ಒಂದೂವರೆ ಪಾಲು ನಷ್ಟ. ಬಲ್ಲ ವಿನ್ಯಾಸಕ ಮೊದಲ ದಿನವೇ 95 ಎಂದು ಲೆಕ್ಕ ಹಾಕುತ್ತಾನೆ. ಮದುವೆಯ ದಿನದ ಮುಖ ನೋಡಿ ಸಂಸಾರದ ಲೆಕ್ಕ ಹಾಕುವುದಿಲ್ಲ.

ಲೈನಿಂಗಿನ ಮೂಲಪುರುಷನನ್ನೂ ನೆನೆಯಬೇಕು. ಇಂಗ್ಲೆಂಡಿನ ಡರ್ಬಿಶೈರಿನ ಕೂಂಬ್ಸ್ ಎಂಬ ಹಳ್ಳಿಯಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ, ಇಳಿಜಾರಿನಲ್ಲಿ ಗಾಡಿ ಹೊಡೆಯುವವರು ಚಕ್ರಕ್ಕೆ ಹಳೆಯ ಬೂಟನ್ನು ಕಟ್ಟಿ ಬ್ರೇಕು ಮಾಡಿಕೊಳ್ಳುವುದನ್ನು ಕಂಡ. ಮರದ ತುಂಡಿಗಿಂತ ಬೂಟಿನ ಅಟ್ಟೆ ಚೆನ್ನಾಗಿ ಹಿಡಿಯುತ್ತಿತ್ತು. 1897ರಲ್ಲಿ ಅವನು ಶುರು ಮಾಡಿದ ಪ್ರಯೋಗಗಳಿಂದ ಬ್ರೇಕ್ ಲೈನಿಂಗ್ ಎಂಬ ಉದ್ಯಮವೇ ಹುಟ್ಟಿತು. ಫೆರೋಡೋ ಎಂಬ ಹೆಸರು ಅವನ ಹೆಸರಿನ ಅಕ್ಷರಗಳನ್ನೇ ಕಲಸಿ ಮಾಡಿದ್ದು. ಮುಂದೆ ಈ ಕಸುಬಿಗೆ ಕಲ್ನಾರು ಬಂತು, ದಶಕಗಳ ಕಾಲ ಆಳಿತು, ಅದರ ಧೂಳು ಶ್ವಾಸಕೋಶವನ್ನು ಕೊಲ್ಲುತ್ತದೆಂದು ತಿಳಿದ ಮೇಲೆ ಅನೇಕ ದೇಶಗಳಲ್ಲಿ ಹೊರಗೆ ಹೋಯಿತು. ಈಗಿನದು ಅರಾಮಿಡ್‌ನಂಥ ನಾರು, ಲೋಹದ ಚೂರು, ರಾಳ ಎಲ್ಲ ಸೇರಿದ ಬೇಯಿಸಿದ ರೊಟ್ಟಿ. ನನ್ನದು ಯಾವ ಕಾಲದ್ದೆಂದು ನನಗೆ ಖಚಿತವಿರಲಿಲ್ಲ. ಹಾಗಾಗಿ ಬಿಚ್ಚಿದ ದಿನ ಒಣಬಟ್ಟೆಯಲ್ಲಿ ಒರೆಸಲು ಬಿಡದೆ ಒದ್ದೆ ಮಾಡಿ ಒರೆಸಿಸಿದೆ. ಮೇಸ್ತ್ರಿ ನಕ್ಕರು. ನಗಲಿ.

ಇನ್ನು ಸ್ಪ್ರಿಂಗು. ಬಿಚ್ಚುವಾಗ ಸುರುಳಿ ಸ್ಪ್ರಿಂಗುಗಳ ಒಂದು ವೃತ್ತ ಕಾಣುತ್ತದೆಂದು ನಾನು ಕಾದಿದ್ದೆ. ಹಲವು ಕ್ಲಚ್ಚುಗಳಲ್ಲಿ ಹಾಗೇ ಇರುತ್ತದೆ. ಇದರಲ್ಲಿ ಸಿಕ್ಕಿದ್ದು ನಡುವೆ ದೊಡ್ಡ ತೂತಿರುವ, ಆಳವಿಲ್ಲದ ಬಟ್ಟಲಿನಂಥ ಒಂದೇ ಒಂದು ಉಕ್ಕಿನ ತಟ್ಟೆ. ಬೆಲ್‌ವಿಲ್ ಸ್ಪ್ರಿಂಗ್ ಎನ್ನುತ್ತಾರೆ. ಫ್ರಾನ್ಸಿನ ಜೂಲಿಯೆನ್ ಬೆಲ್‌ವಿಲ್ 1867ರಲ್ಲಿ ಪೇಟೆಂಟ್ ಪಡೆದದ್ದು. ನೋಡಲು ಏನೂ ಇಲ್ಲ. ದೊಡ್ಡ ವಾಷರ್ ಒಂದನ್ನು ಯಾರೋ ಸುತ್ತಿಗೆಯಿಂದ ಸ್ವಲ್ಪ ಕುಳಿ ಮಾಡಿದಂತಿದೆ.

ಇದರ ಮಹಿಮೆ ಸವೆತದಲ್ಲಿದೆ. ಸ್ಪ್ರಿಂಗನ್ನು ಎಷ್ಟು ಒತ್ತಿದರೆ ಅಷ್ಟೇ ಬಲ ಎಂಬ ರಾಬರ್ಟ್ ಹುಕ್‌ನ ನಿಯಮವನ್ನು ಶಾಲೆಯಲ್ಲಿ ಓದಿದ್ದೇವೆ. ಸುರುಳಿ ಸ್ಪ್ರಿಂಗು ಅದಕ್ಕೆ ವಿಧೇಯ. ಅದು 30 ಮಿಲಿಮೀಟರ್ ಕುಗ್ಗಿ ಕೂತಿದೆ ಎನ್ನಿ. ಲೈನಿಂಗ್ 3 ಮಿಲಿಮೀಟರ್ ಸವೆದರೆ ಅದು ಅಷ್ಟೇ ಹಿಗ್ಗುತ್ತದೆ, ಬಲದಲ್ಲಿ ಹತ್ತನೆಯ ಒಂದು ಪಾಲು ಹೋಯಿತು. ಬಟ್ಟಲು ಸ್ಪ್ರಿಂಗು ಹಾಗಲ್ಲ. ಅದನ್ನು ಒತ್ತುತ್ತ ಹೋದರೆ ಮೊದಲು ಬಲ ಏರುತ್ತದೆ, ತಟ್ಟೆ ಚಪ್ಪಟೆಯಾಗುತ್ತ ಬಂದಂತೆ ಏರಿಕೆ ಮಂದವಾಗುತ್ತದೆ. ಬಟ್ಟಲಿನ ಆಳವನ್ನು ತಗಡಿನ ದಪ್ಪದ 1.41 ಪಟ್ಟಿಗೆ ಇಟ್ಟರೆ, ಅಂದರೆ ಎರಡರ ವರ್ಗಮೂಲದಷ್ಟಕ್ಕೆ, ಚಪ್ಪಟೆಯ ಆಸುಪಾಸಿನಲ್ಲಿ ಏರಿಕೆ ನಿಂತೇ ಹೋಗುತ್ತದೆ. ಸ್ವಲ್ಪ ಹೆಚ್ಚು ಒತ್ತಿ, ಸ್ವಲ್ಪ ಕಡಿಮೆ ಒತ್ತಿ, ಬಲ ಹೆಚ್ಚೂಕಡಿಮೆ ಅದೇ. ಆಳ ಇನ್ನೂ ಕೊಂಚ ಹೆಚ್ಚಿದ್ದರೆ, ಹಿಂದೆ ಸರಿದಾಗ ಬಲ ಕುಗ್ಗುವ ಬದಲು ಹೆಚ್ಚುತ್ತದೆ ಕೂಡ! ಲೈನಿಂಗ್ ಸವೆಯುತ್ತಿರಲಿ, ಹಿಡಿತ ಕುಂದುವುದಿಲ್ಲ. 1936ರಲ್ಲಿ ಆಲ್ಮನ್ ಮತ್ತು ಲಾಸ್ಲೋ ಎಂಬ ಇಬ್ಬರು ಈ ತಟ್ಟೆಯ ಗಣಿತವನ್ನು ಬಿಡಿಸಿ ಬರೆದರು. ಇಂದಿಗೂ ಎಂಜಿನಿಯರುಗಳು ಅವರ ಸೂತ್ರವನ್ನೇ ಬಳಸುತ್ತಾರೆ. ಆ ಸಮತಟ್ಟಾದ ಗೆರೆಯನ್ನು ನಾನು ಮೊದಲ ಸಲ ಗ್ರಾಫ್ ಹಾಳೆಯಲ್ಲಿ ಎಳೆದಾಗ, ಆಲಾಪನೆಯಲ್ಲಿ ಏರುತ್ತ ಬಂದ ಸ್ವರ ಪಂಚಮದ ಮೇಲೆ ನಿಂತು ಹರಡಿಕೊಂಡಂತೆ ಅನ್ನಿಸಿತು. ಉಕ್ಕಿನ ತಗಡಿಗೆ ಈ ಗುಣ ಬಂದದ್ದು ಬೇರೆ ಲೋಹ ಬೆರೆಸಿದ್ದರಿಂದಲ್ಲ, ಬರೀ ಆಕಾರದಿಂದ.

ಕ್ಲಚ್ ಹಿಡಿಯುವ ಆ ಅರೆ ಸೆಕೆಂಡಿನಲ್ಲಿ ಏನಾಗುತ್ತದೆ ಎಂಬುದೂ ಸ್ವಾರಸ್ಯದ ವಿಷಯ. ಪುಲ್ಲಿಯ ಕಡೆಯ ಮುಖ ಪೂರ್ತಿ ವೇಗದಲ್ಲಿದೆ, ಫ್ಯಾನಿನ ಕಡೆಯದು ನಿಂತಿದೆ. ಎರಡರ ಮೇಲೂ ಟಾರ್ಕ್ ಒಂದೇ. ಕೊಡುವ ಕಡೆ ಮೊದಲಿನಿಂದ ಕೊನೆಯವರೆಗೆ ಪೂರ್ತಿ ವೇಗ, ತೆಗೆದುಕೊಳ್ಳುವ ಕಡೆ ಸೊನ್ನೆಯಿಂದ ಪೂರ್ತಿಗೆ ಏರಿಕೆ, ಸರಾಸರಿ ಅರ್ಧ. ಆದ್ದರಿಂದ ಕೊಟ್ಟ ಶಕ್ತಿಯಲ್ಲಿ ಅರ್ಧ ಫ್ಯಾನಿನ ಚಲನೆಯಾಗುತ್ತದೆ, ಇನ್ನರ್ಧ ಲೈನಿಂಗಿನಲ್ಲಿ ಬಿಸಿಯಾಗುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟರೆ ಈ ಹಂಚಿಕೆಯನ್ನು ಯಾರೂ ತಪ್ಪಿಸಲಾರರು. ಮೆಲ್ಲಗೆ ಹಿಡಿದರೂ ಅಷ್ಟೇ, ಗಬಕ್ಕನೆ ಹಿಡಿದರೂ ಅಷ್ಟೇ; ಎಂಥ ದುಬಾರಿ ಲೈನಿಂಗ್ ಹಾಕಿದರೂ ಘರ್ಷಣೆ ತನ್ನ ಅರ್ಧ ಪಾಲನ್ನು ಎಣಿಸಿಕೊಂಡೇ ಬಿಡುತ್ತದೆ. ನಮ್ಮ ಫ್ಯಾನಿಗೆ ಲೆಕ್ಕ ಹಾಕಿದರೆ ಆ ಬಿಸಿ ಒಂಬತ್ತು ಕಿಲೋಜೂಲಿನ ಆಸುಪಾಸು, ಒಂದು ಲೋಟ ನೀರನ್ನು ಹತ್ತು ಡಿಗ್ರಿ ಕಾಯಿಸುವಷ್ಟು. ದೊಡ್ಡದೇನಲ್ಲ. ಕಬ್ಬಿಣದ ಮುಖ ಅದನ್ನು ಹೀರಿಕೊಂಡು ಸುಮ್ಮನಾಗುತ್ತದೆ.

ಅಪಾಯವಿರುವುದು ಅರ್ಧಂಬರ್ಧ ಹಿಡಿಯುವುದರಲ್ಲಿ. ಸೀಲಿನಲ್ಲಿ ಸಣ್ಣ ಸೋರಿಕೆಯಾಗಿ ಪಿಸ್ಟನ್ನಿನ ಹಿಂದೆ ಗಾಳಿ ಪೂರ್ತಿ ಇಲ್ಲ, ಪೂರ್ತಿ ಖಾಲಿಯೂ ಅಲ್ಲ ಎನ್ನುವ ಸ್ಥಿತಿ ಬಂದರೆ, ಲೈನಿಂಗ್ ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ, ಉಜ್ಜುತ್ತಲೇ ಇರುತ್ತದೆ. ಫ್ಯಾನಿನ ಗಣಿತದಲ್ಲಿ ಜಾರುವಿಕೆಯ ಬಿಸಿ ಅತಿ ಹೆಚ್ಚಾಗುವುದು ಫ್ಯಾನ್ ಪೂರ್ತಿ ವೇಗದ ಮೂರನೆಯ ಎರಡು ಭಾಗದಲ್ಲಿ ತಿರುಗುತ್ತಿರುವಾಗ. ಆಗ ಪೂರ್ತಿ ಶಕ್ತಿಯ 27ರಲ್ಲಿ 4 ಪಾಲು ಬಿಸಿಯಾಗುತ್ತದೆ. 30 ಕಿಲೋವ್ಯಾಟಿನ ಫ್ಯಾನಿಗೆ ಇದು 4.4 ಕಿಲೋವ್ಯಾಟ್. ಮೂರು ವಿದ್ಯುತ್ ಕೆಟಲ್‌ಗಳನ್ನು ಆ ತಟ್ಟೆಯೊಳಗೆ ಇಟ್ಟು ಗಂಟೆಗಟ್ಟಲೆ ಕುದಿಸಿದಂತೆ. ನನ್ನ ಕ್ಲಚ್ಚಿನ ಕಬ್ಬಿಣದ ಮುಖದ ಮೇಲೆ ನವಿಲು ಕುತ್ತಿಗೆಯ ನೀಲಿ ಬಣ್ಣದ ಮಚ್ಚೆಗಳಿವೆ. ನೋಡಲು ಬಹಳ ಚೆಂದ. ಅದು ಸತ್ತದ್ದು ಹೀಗೆಯೇ ಎಂದು ಆ ನೀಲಿ ಹೇಳುತ್ತಿದೆ.

ಸೀಲಿನ ವಿಷಯ ಬಂದದ್ದರಿಂದ ಇನ್ನೊಂದು ಜಾಣತನವನ್ನು ತೋರಿಸಿಬಿಡುತ್ತೇನೆ. ನಿಂತಿರುವ ಕೊಳವೆಯಿಂದ ತಿರುಗುವ ಪಿಸ್ಟನ್ನಿಗೆ ಗಾಳಿ ದಾಟಬೇಕು. ಎಲ್ಲಿ ದಾಟಿಸುವುದು? ತಟ್ಟೆಯ ಲೈನಿಂಗ್ ಇರುವ ಕಡೆ ಮೇಲ್ಮೈ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ; ಅಲ್ಲಿ ಯಾವ ಸೀಲೂ ಬಾಳುವುದಿಲ್ಲ. ಆದರೆ ಅದೇ ಚಕ್ರದ ನಟ್ಟನಡುವೆ, ಅಚ್ಚಿನಿಂದ ಐದು ಮಿಲಿಮೀಟರ್ ದೂರದಲ್ಲಿ, ವೇಗ ಸೆಕೆಂಡಿಗೆ ಒಂದೇ ಮೀಟರ್. ಗಾಳಿ ಬರುವುದು ಆ ನಡುವಿನಿಂದ, ಪೆನ್ಸಿಲ್ ದಪ್ಪದ ಒಂದು ಸೀಲಿನ ಮೂಲಕ. ಬೀಸುವ ಕಲ್ಲಿಗೆ ರಾಗಿ ಹಾಕುವ ಬಾಯಿ ಎಲ್ಲಿರುತ್ತದೆ ಎಂದು ಬಲ್ಲವರಿಗೆ ಇದು ಹೊಸದೇನಲ್ಲ.

ಈ ಕ್ಲಚ್ಚಿಗೆ ಒಬ್ಬ ದಾಯಾದಿ ಇದ್ದಾನೆ. ರಸ್ತೆಯಲ್ಲಿ ನಾವು ಹೆಚ್ಚು ಕಾಣುವುದು ಅವನನ್ನೇ: ಸಿಲಿಕೋನ್ ಎಣ್ಣೆ ತುಂಬಿದ, ಮೂತಿಯ ಮೇಲೆ ಎರಡು ಲೋಹಗಳ ಸುರುಳಿ ಇರುವ ವಿಸ್ಕಸ್ ಕ್ಲಚ್. ರೇಡಿಯೇಟರಿನ ಮೂಲಕ ಬರುವ ಗಾಳಿ ಬಿಸಿಯಾದರೆ ಆ ಸುರುಳಿ ತಿರುಚಿಕೊಂಡು ಎಣ್ಣೆಗೆ ಬಾಗಿಲು ತೆರೆಯುತ್ತದೆ. ಎರಡು ಲೋಹ ಬೆಸೆದ ಆ ಪಟ್ಟಿ ಜಾನ್ ಹ್ಯಾರಿಸನ್ ಹದಿನೆಂಟನೆಯ ಶತಮಾನದಲ್ಲಿ ತನ್ನ ಕಡಲ ಗಡಿಯಾರಕ್ಕೆ ಕಂಡುಹಿಡಿದದ್ದು. ಅದು ಲಾರಿಯ ಮೂತಿಗೆ ಬಂದು ಕೂತ ಪ್ರಯಾಣವೇ ಬೇರೆ ಪ್ರಬಂಧಕ್ಕಾಗುತ್ತದೆ. ವಿಸ್ಕಸ್ ಕ್ಲಚ್ ಸದ್ದಿಲ್ಲದ ಮೃದುಸ್ವಭಾವಿ, ತಂತಿ ಬೇಡ, ಕೊಳವೆ ಬೇಡ. ಆದರೆ ಅದು ಎಂದೂ ಪೂರ್ತಿ ಹಿಡಿಯುವುದಿಲ್ಲ, ಎಂದೂ ಪೂರ್ತಿ ಬಿಡುವುದಿಲ್ಲ. ಜಾರುವುದೇ ಅದರ ಜೀವನಕ್ರಮ. ಆ ಬಿಸಿಯನ್ನು ಕಳೆಯಲು ಮೈತುಂಬ ಅಲ್ಯುಮಿನಿಯಂ ರೆಕ್ಕೆ ಹೊತ್ತುಕೊಂಡಿರುತ್ತದೆ. ಅದನ್ನು ಮೆಚ್ಚುತ್ತೇನೆ, ಆದರೆ ಮೇಜಿನ ಮೇಲೆ ಇಟ್ಟುಕೊಳ್ಳುವುದಿಲ್ಲ. ಪಕ್ಷಪಾತ ಎನ್ನಿ.

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುವ ಲಾರಿಗಳ ಹಿಂದೆ ಸಿಕ್ಕಿಕೊಂಡವರು ಗಮನಿಸಿರಬಹುದು. ಮಂಗಳೂರಿನ ಬಂದರಿನಿಂದ ಭಾರ ಹೊತ್ತು ಬಂದ ಲಾರಿ ಎರಡನೆಯ ಗಿಯರಿನಲ್ಲಿ ಏದುಸಿರು ಬಿಡುತ್ತಿರುತ್ತದೆ. ಯಾವುದೋ ತಿರುವಿನಲ್ಲಿ ಇದ್ದಕ್ಕಿದ್ದಂತೆ ಎಂಜಿನ್ನಿನ ಸದ್ದಿನ ಮೇಲೆ ಇನ್ನೊಂದು ಸದ್ದು ಏರುತ್ತದೆ, ಜೋರು ಮಳೆ ಹೆಂಚಿನ ಮೇಲೆ ಬಂದಂತೆ. ಫ್ಯಾನ್ ಹಿಡಿಯಿತು. ಅದು ನನ್ನ ಮೇಜಿನ ಮೇಲಿನ ಜಾತಿಯದೋ ದಾಯಾದಿಯ ಜಾತಿಯದೋ ಕಿವಿಗೆ ತಿಳಿಯುತ್ತದೆ: ದಾಯಾದಿ ಮೆಲ್ಲಗೆ ಏರುತ್ತಾನೆ, ಇದು ಒಮ್ಮೆಲೇ ಬರುತ್ತದೆ, ನೀರು ತಣಿದ ಮೇಲೆ ಒಮ್ಮೆಲೇ ನಿಲ್ಲುತ್ತದೆ. ಹಿಂದೆ ಸಿಕ್ಕಿಬಿದ್ದ ಕಾರಿನವರು ಹಾರ್ನ್ ಹೊಡೆಯುತ್ತಿರುತ್ತಾರೆ. ನಾನು ಕಿಟಕಿ ಇಳಿಸುತ್ತೇನೆ.

ಮೇಸ್ತ್ರಿ ಅಂದು ಎಲ್ಲವನ್ನೂ ಒರೆಸಿ, ಹೊಸ ಓ-ರಿಂಗ್ ಹಾಕಿ, ಅದೇ ಮೂರು ಉದ್ದನೆಯ ಬೋಲ್ಟುಗಳಿಂದ ಸುತ್ತು ಸುತ್ತಾಗಿ ಬಿಗಿದು ಮತ್ತೆ ಜೋಡಿಸಿಕೊಟ್ಟರು. ಕೊನೆಗೆ ಟೈರಿಗೆ ಗಾಳಿ ಹೊಡೆಯುವ ಪೈಪನ್ನು ನಡುವಿನ ತೂತಿಗೆ ಹಿಡಿದರು. 'ಟಕ್'. ಅದುವರೆಗೆ ಇಬ್ಬರು ಸೇರಿ ತಿರುಚಿದರೂ ಜಗ್ಗದಿದ್ದ ಹಬ್ಬು ಅವರ ಕಿರುಬೆರಳಿಗೆ ಬುಗುರಿಯಂತೆ ತಿರುಗಿತು. ಪೈಪು ತೆಗೆದರು. 'ಟಕ್'. ನಿಂತಿತು. ನಾನು ಇನ್ನೊಮ್ಮೆ ಎಂದೆ. ಐದಾರು ಸಲ ಮಾಡಿ ತೋರಿಸಿದರು; ಆಮೇಲೆ ಅವರಿಗೂ ಬೇರೆ ಗಿರಾಕಿಗಳಿದ್ದರು.

ಕಳೆದ ವಾರ ದೂಳು ಒರೆಸುತ್ತಿದ್ದ ಹೆಂಡತಿ ಆ ಹಬ್ಬನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, "ರೀ, ಇದು ತಿರುಗೋದೇ ಇಲ್ವಲ್ಲ, ಜಾಮ್ ಆಗಿದೆಯಾ?" ಎಂದಳು.

"ಜಾಮ್ ಆಗಿಲ್ಲ," ಎಂದೆ. "ಹಿಡಿದುಕೊಂಡಿದೆ."

ಅವಳು ಅದರ ಅಡಿಯನ್ನೂ ಒರೆಸಿ, ಇನ್ನೊಂದು ಮೂಲೆಗೆ ಸರಿಸಿ ಹೋದಳು.